ಹಳೆಯ ಜೀಪು, ಜಿಪ್ಸಿಗಳಿಗೆ ಹೊಸ ಬ್ರೇಕ್ ಪೈಪು ಮತ್ತು ಬ್ರೇಕ್ ಆಯಿಲ್

ಅತ್ತಿಗುಂಡಿಯಿಂದ ಝರಿ ಜಲಪಾತದ ಕಡೆಗೆ ಪ್ರವಾಸಿಗರನ್ನು ಕರೆದೊಯ್ಯುವ, ಮೂಡಿಗೆರೆ ಮತ್ತು ಸಕಲೇಶಪುರದ ತೋಟಗಳಲ್ಲಿ ಗೊಬ್ಬರದ ಮೂಟೆಗಳನ್ನು ಸಾಗಿಸುವ ಹಳೆಯ ಜೀಪು, ಜಿಪ್ಸಿಗಳಲ್ಲಿ ಬ್ರೇಕ್ ಕೈಕೊಟ್ಟರೆ ಮೊದಲು ಲೈನರ್ (ಚಕ್ರವನ್ನು ಉಜ್ಜಿ ನಿಲ್ಲಿಸುವ ಪಟ್ಟಿ) ಮೇಲೆ ಅನುಮಾನ ಬರುತ್ತದೆ. ಲೈನರ್ ಸರಿಯಿದ್ದರೂ ಇಳಿಜಾರಿನ ಕೊನೆಯಲ್ಲಿ ಪೆಡಲ್ ಮೆತ್ತಗಾಗುತ್ತಿದ್ದರೆ ನೋಡಬೇಕಾದದ್ದು ಆಯಿಲ್ ಮತ್ತು ಪೈಪುಗಳನ್ನು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮಳೆ ಸುರಿಯುವ ನಮ್ಮ ಕಡೆ ಈ ಹೀರುವಿಕೆಗೆ ಬಿಡುವೇ ಇಲ್ಲ. ಬಾಟಲಿಯ ಮೇಲೆ ಡಾಟ್ (DOT) ಎಂದು ಬರೆದಿರುವ ಅಂಕಿ ಆಯಿಲ್‌ನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು ಎಂಬುದು ಮಾನದಂಡ, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಘಟ್ಟ ಇಳಿಯುವಾಗ ಚಕ್ರದ ಬಳಿಯ ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ, ಪೆಡಲ್ ಒತ್ತಿದ ಬಲವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿದುಹೋಗುತ್ತದೆ.

ಆದರೂ ಒಡಕು ಹೋಸ್‌ಗಳನ್ನು (ಚಕ್ರದ ಬಳಿಯ ಬಾಗುವ ರಬ್ಬರ್ ಪೈಪುಗಳನ್ನು) ಹಾಗೆಯೇ ಬಿಟ್ಟು ದುಬಾರಿ ಆಯಿಲ್ ತುಂಬಿಸುವುದು ದುಡ್ಡು ದಂಡ. ಮೊದಲು ಪೈಪು, ಆಮೇಲೆ ಆಯಿಲ್. ಈ ಕೆಲಸವನ್ನು ಮಳೆ ಬಿಟ್ಟ ನಂತರ, ಕಾಫಿ ಕೊಯ್ಲಿನ ಓಡಾಟ ಶುರುವಾಗುವ ಮುಂಚೆ ಮಾಡಿಕೊಳ್ಳುವುದು ಒಳ್ಳೆಯದು.

ಚಾಸಿಯ ಉದ್ದಕ್ಕೂ ಸಾಗುವ ಕಬ್ಬಿಣದ ಪೈಪುಗಳನ್ನು ಕ್ಲಿಪ್‌ಗಳಿಂದ ಬಿಡಿಸಿ ನೋಡಬೇಕು, ಏಕೆಂದರೆ ಕೆಮ್ಮಣ್ಣಿನ ಕೆಸರು ಕ್ಲಿಪ್‌ನ ಹಿಂದೆಯೇ ಕೂತು, ಹೊರಗಿನಿಂದ ಚೆನ್ನಾಗಿ ಕಾಣುವ ಪೈಪನ್ನೂ ಅಲ್ಲಿ ತುಕ್ಕು ಹಿಡಿಸಿರುತ್ತದೆ. ಉಗುರಿನಿಂದ ಕೆರೆದಾಗ ಪದರವಾಗಿ ಏಳುವ ಪೈಪನ್ನು ತೇಪೆ ಹಾಕದೆ ಪೂರ್ತಿ ಬದಲಿಸಬೇಕು. ತುಕ್ಕು ಹಿಡಿಯದ, ಕೈಯಲ್ಲೇ ಬಾಗುವ ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪು ಸಿಕ್ಕರೆ ಅದೇ ಲೇಸು. ಬರೀ ತಾಮ್ರದ ಪೈಪು ಅದುರಿ ಅದುರಿ ಗಡುಸಾಗಿ ಬಿರುಕು ಬಿಡುವುದರಿಂದ ಅದು ಬೇಡ. ಪೈಪಿನ ತುದಿಯನ್ನು ಅಗಲಿಸುವಾಗ ಒಂದೇ ಮಡಿಕೆಯ ಫ್ಲೇರ್‌ಗೆ (ಅಗಲಿಸಿದ ಬಾಯಿಗೆ) ಒಪ್ಪಬಾರದು. ಹಳೆಯ ಪೈಪಿನ ತುದಿ ಯಾವ ಆಕಾರದಲ್ಲಿದೆಯೋ ಅದೇ ಆಕಾರವನ್ನು ಕೇಳಿ ಮಾಡಿಸಬೇಕು. ನಟ್‌ಗಳ ವಿಷಯದಲ್ಲಿಯೂ ಎಚ್ಚರ ಬೇಕು. ಹಳೆಯ ಜೀಪುಗಳಲ್ಲಿ ಇಂಚಿನ ಥ್ರೆಡ್, ಜಪಾನ್ ಮೂಲದ ಜಿಪ್ಸಿಯಲ್ಲಿ ಮಿಲಿಮೀಟರ್ ಥ್ರೆಡ್ ಇರುತ್ತದೆ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಆದ್ದರಿಂದ ಅಂಗಡಿಗೆ ಹೋಗುವಾಗ ಹಳೆಯ ನಟ್ ಜೇಬಿನಲ್ಲಿರಲಿ.

ರಬ್ಬರ್ ಹೋಸ್ ಒಳಗಿನಿಂದ ಊದಿಕೊಂಡರೆ ಹೊರಗೆ ಏನೂ ತಿಳಿಯುವುದಿಲ್ಲ. ಪೆಡಲ್ ಬಿಟ್ಟ ಮೇಲೂ ಒಂದು ಚಕ್ರ ಹಿಡಿದುಕೊಂಡಿದ್ದು, ಅದರ ಬ್ಲೀಡಿಂಗ್ ನಿಪ್ಪಲ್ (ಆಯಿಲ್ ಮತ್ತು ಗಾಳಿ ಹೊರಬಿಡುವ ತಿರುಪು) ಸಡಿಲಿಸಿದ ಕೂಡಲೇ ಚಕ್ರ ಬಿಡಿಸಿಕೊಂಡರೆ ಆ ಹೋಸ್ ಮೇಲೆ ಅನುಮಾನ ಪಡಬಹುದು. ಬದಲಿಗೆ ಸ್ಟೀಲ್ ಹೆಣಿಗೆಯ ಹೋಸ್ ಹಾಕಿಸಿದರೆ ಪೆಡಲ್ ಗಟ್ಟಿಯಾಗುತ್ತದೆ ನಿಜ, ಆದರೆ ಹೆಣಿಗೆಯೊಳಗೆ ಮರಳು ಸೇರಿ ಒಳಗಿನ ಕೊಳವೆಯನ್ನು ಕೊರೆಯುವ ಅಪಾಯವಿದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಆರಿಸಬೇಕು. ತೋಟದೊಳಗೆ ಮಾತ್ರ ಓಡುವ ಗಾಡಿಗೆ ಒಳ್ಳೆಯ ಹೊಸ ರಬ್ಬರ್ ಹೋಸ್ ಧಾರಾಳವಾಗಿ ಸಾಕು. ಸಸ್ಪೆನ್ಷನ್ ಎತ್ತರಿಸಿದ ಗಾಡಿಯಾದರೆ ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ ಪೂರ್ತಿ ಜೋತುಬಿದ್ದಾಗಲೂ, ಸ್ಟೀರಿಂಗ್ ಎರಡೂ ತುದಿಗೆ ತಿರುಗಿದಾಗಲೂ ಹೋಸ್ ಬಿಗಿಯಾಗದಷ್ಟು ಉದ್ದವಿದೆಯೇ, ಎಲ್ಲಾದರೂ ಟೈರಿಗೆ ಉಜ್ಜುತ್ತಿದೆಯೇ ಎಂದು ನೋಡಿಯೇ ಕೊಳ್ಳಬೇಕು. ಹೋಸ್ ಕೂರುವಲ್ಲಿ ತಾಮ್ರದ ವಾಷರ್ ಇದ್ದರೆ ಪ್ರತಿ ಸಲ ಹೊಸದನ್ನೇ ಹಾಕಬೇಕು.

ಬಿಚ್ಚಿದ ಭಾಗಗಳನ್ನು ಡೀಸೆಲ್ ಅಥವಾ ಪೆಟ್ರೋಲ್‌ನಲ್ಲಿ ತೊಳೆಯುವ ಅಭ್ಯಾಸ ಬ್ರೇಕಿನ ಮಟ್ಟಿಗೆ ಸಲ್ಲದು. ಆ ಜಿಡ್ಡು ತಗುಲಿದ ರಬ್ಬರ್ ಕಪ್‌ಗಳು ಊದಿಕೊಳ್ಳುತ್ತವೆ. ಹೊಸ ಬ್ರೇಕ್ ಆಯಿಲ್‌ನಿಂದಲೇ ಒರೆಸಬೇಕು, ಅದು ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಬೇಕು.

ಆಯಿಲ್ ಆಯ್ಕೆಗೆ ಬಂದರೆ, ಡಾಟ್ 3 ಬಳಸುತ್ತಿದ್ದ ಗಾಡಿಗೆ ಡಾಟ್ 4 ಹಾಕಲು ಅಡ್ಡಿಯಿಲ್ಲ. ಡಾಟ್ 5.1 ಇನ್ನೂ ಹೆಚ್ಚಿನ ಶಾಖ ತಡೆಯುತ್ತದೆ, ಆದರೆ ಹೆಸರಿನಲ್ಲಿ ಹತ್ತಿರವಿರುವ ಡಾಟ್ 5 ಸಿಲಿಕೋನ್ ಮೂಲದ್ದಾಗಿದ್ದು ಇವುಗಳೊಡನೆ ಬೆರೆಸಬಾರದು. ಸೀಲ್ ಒಡೆಯದ ಬಾಟಲಿಯನ್ನೇ ಕೊಳ್ಳಬೇಕು. ಶೆಡ್ಡಿನ ಮೂಲೆಯಲ್ಲಿ ಕಳೆದ ವರ್ಷ ಅರ್ಧ ಉಳಿದಿದ್ದನ್ನು ಬಳಸುವಂತಿಲ್ಲ.

ಹೊಸ ಆಯಿಲ್ ತುಂಬಿಸಿದ ಮೇಲೆ ಪೈಪಿನೊಳಗೆ ಉಳಿದ ಗಾಳಿಯನ್ನು ತೆಗೆಯಬೇಕು. ಗಾಳಿ ತೆಗೆಯುವ ಮುಂಚೆ ಹಿಂದಿನ ಡ್ರಮ್‌ಗಳ ಲೈನರ್ ಅಂತರವನ್ನು ಸರಿಹೊಂದಿಸಬೇಕು, ಇಲ್ಲವಾದರೆ ಎಷ್ಟು ಗಾಳಿ ತೆಗೆದರೂ ಪೆಡಲ್ ಕೆಳಗೇ ಉಳಿಯುತ್ತದೆ. ತುಕ್ಕು ಹಿಡಿದ ನಿಪ್ಪಲ್‌ಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದಿಟ್ಟು, ಮರುದಿನ ರಿಂಗ್ ಸ್ಪ್ಯಾನರ್‌ನಿಂದ ಬಿಚ್ಚಬೇಕು. ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಡಬೇಕು. ಕೈಪಿಡಿ ಬೇರೆ ಹೇಳದಿದ್ದರೆ ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವ ಭಾಗದಿಂದ) ಅತಿ ದೂರವಿರುವ ಹಿಂದಿನ ಎಡಚಕ್ರದಿಂದ ಆರಂಭಿಸಿ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂಬ ಕ್ರಮದಲ್ಲಿ ಸಾಗಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಅದನ್ನು ಬಿಗಿ ಮಾಡಿದ ಮೇಲಷ್ಟೇ ಪೆಡಲ್ ಬಿಡಲು ಹೇಳಬೇಕು. ಹಳೆಯ ಮಾಸ್ಟರ್ ಸಿಲಿಂಡರ್‌ನ ತುದಿಭಾಗ ಬಳಕೆಯಾಗದೆ ತುಕ್ಕು ಹಿಡಿದಿರುತ್ತದೆ. ಪೆಡಲನ್ನು ನೆಲಕ್ಕೆ ಮುಟ್ಟಿಸಿದರೆ ಕಪ್ ಆ ತುಕ್ಕಿಗೆ ಉಜ್ಜಿ ಹರಿಯಬಹುದು. ಆದ್ದರಿಂದ ಪೆಡಲ್ ಕೆಳಗೆ ಮರದ ತುಂಡೊಂದನ್ನು ಇಡಬೇಕು, ಕೆಲಸ ಮುಗಿದ ಮೇಲೆ ಮರೆಯದೆ ತೆಗೆಯಬೇಕು. ಮಾಸ್ಟರ್ ಸಿಲಿಂಡರ್ ಮೇಲಿನ ಆಯಿಲ್ ಡಬ್ಬಿಯ ತಳ ಕಾಣಲು ಬಿಟ್ಟರೆ ಮತ್ತೆ ಗಾಳಿ ಸೇರಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

ಕೊನೆಯಲ್ಲಿ ಎಂಜಿನ್ ಚಾಲೂ ಮಾಡಿ, ಪೆಡಲನ್ನು ಬಲವಾಗಿ ಸುಮಾರು ಒಂದು ನಿಮಿಷ ಒತ್ತಿ ಹಿಡಿದು, ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ಜಿನುಗುತ್ತಿದೆಯೇ ಎಂದು ನೋಡಬೇಕು. ಪೆಡಲ್ ನಿಧಾನವಾಗಿ ಕುಸಿಯುತ್ತಿದ್ದರೆ ಗಾಡಿ ಹೊರಗೆ ತೆಗೆಯಬಾರದು. ಪರೀಕ್ಷೆಗೆ ಸಮತಟ್ಟಾದ ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ, ಮನೆಗೆ ಬಂದ ಮೇಲೆ ಜೋಡಣೆಗಳನ್ನು ಮತ್ತೊಮ್ಮೆ ಒರೆಸಿ ನೋಡಿ, ಆ ಬಳಿಕವೇ ಚಾರ್ಮಾಡಿ ಅಥವಾ ಬಿಸಿಲೆ ಘಾಟಿಯತ್ತ ಮುಖ ಮಾಡಬೇಕು. ಅಲ್ಲಿಯೂ ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಬೇಕು. ತೆಗೆದ ಹಳೆಯ ಆಯಿಲನ್ನು ತೋಟದ ಬುಡಕ್ಕೋ ಹಳ್ಳಕ್ಕೋ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಬೇಕು.