ಎಲ್‌ಕೆಜಿ ಮಕ್ಕಳ ಜೂನ್ ಅಳು ನಿಂತಿದ್ದು ಹೀಗೆ

ಈ ವರ್ಷ ನಮ್ಮ ಎಲ್‌ಕೆಜಿಯಲ್ಲಿ ಜೂನ್ ಮುಗಿಯುವ ಮುಂಚೆಯೇ ಅಳು ನಿಂತಿತು. ಹೋದ ವರ್ಷ ಆಗಸ್ಟ್ 15ಕ್ಕೆ ಬಾವುಟ ಹಾರಿಸುವಾಗಲೂ ಇಬ್ಬರು ಅಳುತ್ತಿದ್ದರು. ಸಕಲೇಶಪುರದಲ್ಲಿ ಜೂನ್ ಅಂದರೆ ಶಾಲೆ, ಮಳೆ ಎರಡೂ ಒಟ್ಟಿಗೆ ಶುರು. ನಮ್ಮದು ತಗಡಿನ ಮಾಡು, 24 ಮಕ್ಕಳು. ಮೇಲೆ ಮಳೆ ಹೊಡೆದರೆ, ಕೆಳಗೆ ಎಲ್ಲರೂ ಅತ್ತರೆ, ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ.

ಮೊದಲು ದುಡ್ಡು ಸುರಿದೆ. ಸುಮಾರು 14,000 ಕೊಟ್ಟು ಹಾಸನದಿಂದ ಜಾರುಬಂಡಿ, ಪುಟ್ಟ ಸೈಕಲ್ಲು ತಂದೆ. ಅದಕ್ಕಾಗಿ ಮಕ್ಕಳು ಜಗಳ ಆಡಿದರೇ ಹೊರತು ಅಳು ನಿಲ್ಲಲಿಲ್ಲ. ಇನ್ನೊಂದು ವರ್ಷ, ಮಗು ಆಟದಲ್ಲಿರುವಾಗ ಸುಮ್ನೆ ಹೊರಟುಬಿಡಿ ಅಂತ ಅಮ್ಮಂದಿರಿಗೆ ಹೇಳಿದೆ. ಅದು ದೊಡ್ಡ ತಪ್ಪು. ತಿರುಗಿ ನೋಡಿದರೆ ಅಮ್ಮ ಇಲ್ಲ, ಮಾರನೇ ದಿನದಿಂದ ಮಗು ಆಟಕ್ಕೇ ಕೂರದೆ ಬಾಗಿಲನ್ನೇ ಕಾಯತೊಡಗಿತು. ಇಬ್ಬರನ್ನು ಬಿಡಿಸಿಕೊಂಡು ಹೋದರು, ಫೀಸೂ ಹೋಯಿತು.

ಈ ಸಲ ಆರಾರು ಮಕ್ಕಳಂತೆ ಸೇರಿಸಿದೆ. ಮೊದಲ ಆರು ಮೇ ಕೊನೆಯಲ್ಲೇ, ಮಳೆ ಜೋರಾಗುವ ಮುಂಚೆ, ದಿನಕ್ಕೆ ಒಂದೇ ಗಂಟೆ. ಅಂಗನವಾಡಿಗೆ ಹೋಗಿ ಅಭ್ಯಾಸ ಇದ್ದವರನ್ನೇ ಈ ಗುಂಪಿಗೆ ಆರಿಸಿದ್ದೆ. ನಾಲ್ಕು ದಿನ ಬಿಟ್ಟು ಇನ್ನಾರು. ಚಪ್ಪಲಿ ಎಲ್ಲಿ ಬಿಡಬೇಕು, ಕೊಡೆ ಎಲ್ಲಿಡಬೇಕು ಅಂತ ಹಳಬರೇ ಹೊಸಬರ ಕೈಹಿಡಿದು ತೋರಿಸಿದರು, ನಾನು ಹೇಳಿಕೊಟ್ಟದ್ದಲ್ಲ. "ಪೂರ್ತಿ ಫೀಸು ತಗೊಂಡು ಒಂದು ಗಂಟೆ ಅಂದ್ರೆ ಬಿಡ್ತಾರಾ ಮಿಸ್?" ಅಂತ ಬೇರೆ ಟೀಚರುಗಳು ಅಂದಿದ್ದರು. ಮೂವರು ಪೋಷಕರು ಕೇಳಿದ್ದು ನಿಜ. ಎಸ್ಟೇಟ್ ಕೆಲಸಕ್ಕೆ ಹೋಗುವವರಿಗಂತೂ ಇದು ಕಷ್ಟ, ಅವರ ಕಡೆಯಿಂದ ಅಜ್ಜಿಯರು ಬಂದು ಜಗಲಿಯಲ್ಲಿ ಕೂತರು. ಆಯಾಗೆ ಜಾಸ್ತಿ ಕೊಟ್ಟದ್ದು 4,000 ಹತ್ತಿರ. ಒಂದು ಮಗುವೂ ಬಿಟ್ಟು ಹೋಗಲಿಲ್ಲ, ಹಾಗಾಗಿ ಗಿಟ್ಟಿತು.

ಅಮ್ಮಂದಿರು ಹೊರಡುವಾಗ ಹೇಳುವ ಮಾತನ್ನೂ ಬದಲಾಯಿಸಿದೆ. ನಾಲ್ಕು ವರ್ಷದ ಮಗುವಿಗೆ ಹನ್ನೆರಡೂವರೆಗೆ ಬರ್ತೀನಿ ಅಂದರೆ ಏನು ಗೊತ್ತಾಗುತ್ತದೆ? "ಡಬ್ಬಿ ಖಾಲಿ ಮಾಡಿ ಕೈ ತೊಳ್ಕೊಂಡ ಮೇಲೆ ಬರ್ತೀನಿ ಪುಟ್ಟಾ" ಅಂತ ಮುಖ ನೋಡಿ ಹೇಳಿ ಹೊರಡಬೇಕು. ಹೇಳಿದಂತೆ ಬರಲೇಬೇಕು, ತಡವಾದರೆ ಮಾರನೇ ದಿನ ಮಗು ನಂಬುವುದಿಲ್ಲ. ಒಬ್ಬ ಹುಡುಗ ಹತ್ತು ಗಂಟೆಗೇ ಡಬ್ಬಿ ಖಾಲಿ ಮಾಡಿ, ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತ. ಅವತ್ತಿನಿಂದ ಡಬ್ಬಿಗಳು ನನ್ನ ಟೇಬಲ್ ಮೇಲೆ.

ಅಮ್ಮನ ಹಳೇ ಸೀರೆಯ ತುಂಡನ್ನು ಬ್ಯಾಗಿನಲ್ಲಿ ಇಡಿಸಿಯೂ ನೋಡಿದೆ. ಇಬ್ಬರಿಗೆ ಸಮಾಧಾನವಾಯಿತು, ಉಳಿದವರು ಅದನ್ನು ಮೂಸಿ ಇನ್ನೂ ಜಾಸ್ತಿ ಅತ್ತರು. ಬಿಟ್ಟೆ. ಮಳೆ ಸದ್ದಿಗೆ ಹೆದರುವವರಿಗೆ ತಟ್ಟೆ, ಚಮಚ ಕೊಟ್ಟು ಮಳೆ ಜೊತೆಗೆ ಬಡಿಯಲು ಬಿಟ್ಟೆ. ಎರಡನೇ ದಿನಕ್ಕೆ ಮಳೆ ಬಂತು ಅಂದರೆ ಅವರೇ ತಟ್ಟೆಗೆ ಓಡುತ್ತಿದ್ದರು! ಆಮೇಲೆ ಅವರನ್ನು ಸುಮ್ಮನೆ ಕೂರಿಸುವ ಒಂದು ಉಪಾಯ ಇದೆ. ಅದನ್ನು ಇನ್ನೊಂದು ಮಳೆಗಾಲ ನೋಡಿಯೇ ಬರೆಯುತ್ತೇನೆ. ಮುಂದಿನ ಮೇನಲ್ಲಿ ಐದೈದು ಮಕ್ಕಳಂತೆ ಸೇರಿಸುವ ಯೋಚನೆ ಇದೆ, ಆರು ಸ್ವಲ್ಪ ಜಾಸ್ತಿಯಾಯಿತು.