ಕಾರ್ಡ್ ಕೇಳುವ ಕೆಲಸ

ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಸ್ನಾತಕೋತ್ತರ ಓದಿಗೆಂದು ಹೋದ ನಾನು 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಕ್ಯಾಷಿಯರ್ ಆಗಿ ಸೇರಿಕೊಂಡೆ. ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದಾದ್ದರಿಂದ ನನಗೆ ಸಿಕ್ಕಿದ್ದು ಸಂಜೆಯ ಪಾಳಿಗಳು, ಅಂದರೆ ಮದ್ಯ ಹೆಚ್ಚು ಮಾರಾಟವಾಗುವ ಹೊತ್ತು. ಹಾಸನ ಜಿಲ್ಲೆಯ ಸಣ್ಣ ಊರಿನಲ್ಲಿ ಬೆಳೆದ ನಾನು ಅದುವರೆಗೆ ವೈನ್ ಸ್ಟೋರಿನ ಮೆಟ್ಟಿಲು ಹತ್ತಿದವಳಲ್ಲ. ನಮ್ಮಲ್ಲಿ ಮದ್ಯಕ್ಕೆ ಬೇರೆಯದೇ ಅಂಗಡಿ, ಬೇರೆಯದೇ ಗಿರಾಕಿಗಳು. ಇಲ್ಲಿ ಹಾಲು, ಬ್ರೆಡ್ಡು, ಮಕ್ಕಳ ಡೈಪರ್‌ಗಳ ಜೊತೆಗೆ ಒಂದೇ ಬುಟ್ಟಿಯಲ್ಲಿ ವೈನ್ ಬಾಟಲಿಯೂ ಬರುತ್ತಿತ್ತು. ಅದನ್ನು ಸ್ಕ್ಯಾನ್ ಮಾಡಿದೊಡನೆ ಟಿಲ್‌ನ, ಅಂದರೆ ಬಿಲ್ ಹಾಕುವ ಗಲ್ಲಾದ ಪರದೆ ನಿಂತುಬಿಟ್ಟು, ಗಿರಾಕಿ 25ಕ್ಕಿಂತ ಹೆಚ್ಚಿನವರಂತೆ ಕಾಣುತ್ತಾರೆಯೇ ಎಂದು ಕೇಳುತ್ತಿತ್ತು. ಮುಂದಿನ ಎರಡು ವರ್ಷ ಆ ಒಂದು ಪ್ರಶ್ನೆಗೆ ಉತ್ತರ ಕೊಡುವುದನ್ನು ನಾನು ಹೇಗೆ ಕಲಿತೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾನೂನು ಹೇಳುವ ವಯಸ್ಸು 18. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2003ರ ಲೈಸೆನ್ಸಿಂಗ್ ಕಾಯ್ದೆಯ ಪ್ರಕಾರ 18 ತುಂಬದವರಿಗೆ ಮದ್ಯ ಮಾರುವುದು ಅಪರಾಧ, ಮತ್ತು ಆ ಅಪರಾಧ ಅಂಗಡಿಯ ಮಾಲೀಕರದ್ದಷ್ಟೇ ಅಲ್ಲ, ಟಿಲ್‌ನಲ್ಲಿ ಕುಳಿತು ಮಾರಿದವರದ್ದೂ ಹೌದು. ಪೊಲೀಸರು ಸ್ಥಳದಲ್ಲೇ 90 ಪೌಂಡ್ ದಂಡದ ನೋಟಿಸ್ ಕೊಡಬಹುದು. ನ್ಯಾಯಾಲಯಕ್ಕೆ ಹೋದರೆ ದಂಡಕ್ಕೆ ಮೇಲ್ಮಿತಿಯೇ ಇಲ್ಲ. ಹಾಗಿದ್ದರೆ 25ರ ಮಾತು ಏಕೆ? ಅದು ವ್ಯಾಪಾರಿಗಳು ತಾವೇ ಹಾಕಿಕೊಂಡ ನಿಯಮ, ಅಲ್ಲಿ ಅದನ್ನು 'ಚಾಲೆಂಜ್ 25' ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ 2011ರಿಂದ ಅದೇ ಕಾನೂನಾಗಿದೆ. ಇಂಗ್ಲೆಂಡಿನಲ್ಲಿ ಪ್ರತಿ ಅಂಗಡಿಗೂ ವಯಸ್ಸಿನ ಪರಿಶೀಲನೆಯ ಒಂದು ನೀತಿ ಇರಲೇಬೇಕು ಎಂಬುದಷ್ಟೇ ಕಡ್ಡಾಯ. 25ಕ್ಕಿಂತ ಕಡಿಮೆಯವರಂತೆ ಕಾಣುವ ಯಾರನ್ನೇ ಆದರೂ ಗುರುತಿನ ಕಾರ್ಡ್ ಕೇಳಬೇಕು, ಕಾರ್ಡಿನಲ್ಲಿ 18 ತುಂಬಿದ್ದರೆ ಮಾರಬಹುದು. ನಡುವಿನ ಆ ಏಳು ವರ್ಷಗಳು ನಮ್ಮ ಕಣ್ಣಿನ ತಪ್ಪಿಗೆಂದು ಬಿಟ್ಟ ಅಂತರ. ಮೊದಲ ವಾರ ಅದು ಅತಿಯಾಯಿತು ಎನಿಸಿತ್ತು. ಗಡ್ಡ ಬಿಟ್ಟ, ಎತ್ತರದ, 24 ಇರಬಹುದು ಎಂದು ನಾನು ಅಂದುಕೊಂಡ ಹುಡುಗನ ಕಾರ್ಡಿನಲ್ಲಿ 17 ಕಂಡ ದಿನದಿಂದ ಆ ನಿಯಮದ ಬಗ್ಗೆ ನನಗೆ ಗೌರವ ಮೂಡಿತು.

ನಾನು ಕಲಿತ ಮೊದಲ ಪಾಠ ಕೇಳುವ ಹೊತ್ತಿನದು. ಆರಂಭದಲ್ಲಿ ಎಲ್ಲ ಸಾಮಾನು ಸ್ಕ್ಯಾನ್ ಮಾಡಿ, ಕೊನೆಗೆ ಬಾಟಲಿ ಬಂದಾಗ ತಲೆಯೆತ್ತಿ ಗಿರಾಕಿಯ ಮುಖ ನೋಡುತ್ತಿದ್ದೆ. ಅಷ್ಟರಲ್ಲಿ ಅವರು ಬ್ಯಾಂಕ್ ಕಾರ್ಡ್ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದರು, ಹಿಂದೆ ಸಾಲು ಬೆಳೆದಿರುತ್ತಿತ್ತು, ನನಗೂ ಬೇಗ ಮುಗಿಸಬೇಕೆಂಬ ಒತ್ತಡ. ಆ ಒತ್ತಡದಲ್ಲಿ '26 ಇರಬಹುದು' ಎಂದುಕೊಳ್ಳುವುದು ಬಹಳ ಸುಲಭ. ಆಮೇಲೆ ನಾನು ಕ್ರಮ ಬದಲಿಸಿದೆ. ಗಿರಾಕಿ ಸಾಮಾನುಗಳನ್ನು ಟಿಲ್ ಮುಂದಿನ ಚಲಿಸುವ ಬೆಲ್ಟಿನ ಮೇಲೆ ಇಡುತ್ತಿರುವಾಗಲೇ, ನಮಸ್ಕಾರ ಹೇಳುವ ನೆಪದಲ್ಲಿ ಮುಖ ನೋಡಿ ನಿರ್ಧರಿಸುತ್ತಿದ್ದೆ. ಕೇಳಬೇಕೆಂದಿದ್ದರೆ ಒಂದು ಸಾಮಾನನ್ನೂ ಮುಟ್ಟುವ ಮೊದಲೇ ಕೇಳುತ್ತಿದ್ದೆ. ಹೀಗೆ ಕೇಳಿದರೆ ಕಾರ್ಡ್ ಇಲ್ಲದವರು ಬಾಟಲಿಯನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಕೊಳ್ಳುತ್ತಾರೆ, ಅವಮಾನವಾಯಿತೆಂಬ ಭಾವನೆಯೂ ಕಡಿಮೆ. ಇನ್ನೊಂದನ್ನೂ ಬಿಟ್ಟೆ: ಕೇಳುವಾಗ ಕ್ಷಮೆ ಯಾಚಿಸುವುದು. ಕ್ಷಮೆಯ ದನಿಯಲ್ಲಿ ಕೇಳಿದರೆ ಚೌಕಾಸಿಗೆ ಜಾಗವಿದೆ ಎಂದು ಕೇಳಿಸಿಕೊಂಡವರಿಗೆ ತೋರುತ್ತದೆ. '25ಕ್ಕಿಂತ ಕಡಿಮೆ ಕಾಣುವ ಎಲ್ಲರನ್ನೂ ಕೇಳುತ್ತೇವೆ, ನಿಮ್ಮ ಗುರುತಿನ ಚೀಟಿ ತೋರಿಸುವಿರಾ' ಎಂಬ ಒಂದೇ ವಾಕ್ಯವನ್ನು ಎಲ್ಲರಿಗೂ ಒಂದೇ ರೀತಿ ಹೇಳುತ್ತಿದ್ದೆ.

ಲೆಕ್ಕದ ವಿಷಯದಲ್ಲಿ ನನ್ನ ರೂಢಿ ಸರಳವಾಗಿತ್ತು. ಪಾಳಿಗೆ ಕೂರುವಾಗ ಅಂದಿನ ದಿನಾಂಕದಿಂದ 18 ವರ್ಷ ಹಿಂದಿನ ದಿನವನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. 2023ರಲ್ಲಾದರೆ ಗಡಿಯ ವರ್ಷ 2005: ಅದಕ್ಕಿಂತ ಹಿಂದಿನ ವರ್ಷವಾದರೆ ಸರಿ, ಮುಂದಿನದಾದರೆ ಇಲ್ಲ, 2005 ಆಗಿದ್ದರೆ ಮಾತ್ರ ತಿಂಗಳು, ದಿನ ನೋಡಬೇಕು. ಪ್ರತಿಯೊಬ್ಬರ ವಯಸ್ಸನ್ನೂ ಕಳೆದು ಲೆಕ್ಕ ಹಾಕುತ್ತ ಕುಳಿತರೆ ದಣಿದ ರಾತ್ರಿಯಲ್ಲಿ ತಪ್ಪುವುದು ಖಂಡಿತ. ಒಂದು ರಾತ್ರಿ ಒಂಬತ್ತೂವರೆಗೆ ಬಂದ ಹುಡುಗಿಗೆ ಮರುದಿನ 18 ತುಂಬುವುದಿತ್ತು. ಎರಡೂವರೆ ಗಂಟೆಯಲ್ಲಿ ಏನು ವ್ಯತ್ಯಾಸವಾಗುತ್ತದೆ ಎಂದು ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು, ನನ್ನ ಬಳಿ ಕಾನೂನಿನ ಉತ್ತರವಲ್ಲದೆ ಬೇರೆ ಉತ್ತರವಿರಲಿಲ್ಲ. ಹುಟ್ಟುಹಬ್ಬದ ಶುಭಾಶಯ ಹೇಳಿ ಬಾಟಲಿಯನ್ನು ಹಿಂದಕ್ಕಿಟ್ಟೆ.

ಯಾವ ಕಾರ್ಡ್ ಎಂಬುದು ಮುಂದಿನ ಪ್ರಶ್ನೆ. ಭಾವಚಿತ್ರ, ಹುಟ್ಟಿದ ದಿನಾಂಕ, ಜೊತೆಗೆ ಹೊಲೊಗ್ರಾಮ್ ಅಥವಾ ನೇರಳಾತೀತ ಬೆಳಕಿನಲ್ಲಿ ಕಾಣುವ ಗುರುತು ಇರಬೇಕೆಂದು ಆಗಿನ ನಿಯಮ ಹೇಳುತ್ತಿತ್ತು. ನಮ್ಮ ಅಂಗಡಿ ಒಪ್ಪುತ್ತಿದ್ದದ್ದು ಪಾಸ್‌ಪೋರ್ಟ್, ಬ್ರಿಟಿಷ್ ಡ್ರೈವಿಂಗ್ ಲೈಸೆನ್ಸ್ ಮತ್ತು 'ಪಾಸ್' (ವಯಸ್ಸಿನ ಪುರಾವೆಯ ಕಾರ್ಡ್‌ಗಳಿಗೆ ಅಲ್ಲಿ ಕೊಡುವ ಮಾನ್ಯತೆ) ಹೊಲೊಗ್ರಾಮ್ ಇರುವ ವಯಸ್ಸಿನ ಕಾರ್ಡ್‌ಗಳನ್ನು. ಹೆಚ್ಚಾಗಿ ಕೈಗೆ ಬರುತ್ತಿದ್ದದ್ದು ಲೈಸೆನ್ಸ್. ಪೂರ್ಣ ಲೈಸೆನ್ಸ್ ಗುಲಾಬಿ, ಕಲಿಯುವವರದ್ದು ಹಸಿರು, ಎರಡೂ ನಡೆಯುತ್ತವೆ. ಅದರಲ್ಲಿ 3ನೆಯ ಸಾಲು ಹುಟ್ಟಿದ ದಿನಾಂಕ, 5ನೆಯದು ಚಾಲಕ ಸಂಖ್ಯೆ. ಆ ಸಂಖ್ಯೆಯೊಳಗೇ ಹುಟ್ಟಿದ ದಿನಾಂಕ ಅಡಗಿದೆ ಎಂಬುದನ್ನು ಹಿರಿಯ ಸಹೋದ್ಯೋಗಿಯೊಬ್ಬರು ತೋರಿಸಿಕೊಟ್ಟದ್ದು ನನಗೆ ಬಹಳ ಉಪಯೋಗವಾಯಿತು. ಮೊದಲ ಐದು ಅಕ್ಷರ ಮನೆತನದ ಹೆಸರಿನವು. ಅನಂತರದ ಆರು ಅಂಕಿಗಳಲ್ಲಿ ಮೊದಲನೆಯದು ಹುಟ್ಟಿದ ದಶಕ, ಮುಂದಿನ ಎರಡು ತಿಂಗಳು, ಅದರ ಮುಂದಿನ ಎರಡು ದಿನ, ಕೊನೆಯದು ವರ್ಷದ ಕೊನೆಯ ಅಂಕಿ. 2004ರ ಮಾರ್ಚ್ 12ರಂದು ಹುಟ್ಟಿದ ಗಂಡಸಿಗೆ ಅದು 003124. ಹೆಂಗಸಾದರೆ ತಿಂಗಳಿನ ಮೊದಲ ಅಂಕಿಗೆ 5 ಕೂಡಿಸುವುದರಿಂದ 053124. ಹುಟ್ಟಿದ ವರ್ಷವನ್ನು ತಿದ್ದಿದವರು ಈ ಸಂಖ್ಯೆಯನ್ನು ತಿದ್ದಲು ಮರೆತದ್ದನ್ನು ನಾನು ಎರಡು ಬಾರಿ ನೋಡಿದ್ದೇನೆ. ಕಾರ್ಡನ್ನು ಕೈಗೆ ಕೇಳಿ ಪಡೆಯಬೇಕು, ಪರ್ಸಿನ ಪ್ಲಾಸ್ಟಿಕ್ ಕಿಟಕಿಯ ಹಿಂದಿನಿಂದ ತೋರಿಸಿದರೆ ಸಾಲದು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಸ್ವಲ್ಪ ಓರೆಯಾಗಿಸಿ ಹೊಲೊಗ್ರಾಮ್ ಬದಲಾಗುವುದನ್ನು ನೋಡಬೇಕು. ಫೋನಿನಲ್ಲಿರುವ ಕಾರ್ಡಿನ ಫೋಟೋವನ್ನು ನಾವು ಒಪ್ಪುತ್ತಿರಲಿಲ್ಲ.

ಆದರೆ ಇದೆಲ್ಲ ಸುಳ್ಳು ಕಾರ್ಡನ್ನು ಹಿಡಿಯುವ ವಿದ್ಯೆ. ನನ್ನನ್ನು ಸೋಲಿಸಿದ್ದು ನಿಜವಾದ ಕಾರ್ಡು. ಸೇರಿದ ಮೂರನೆಯ ತಿಂಗಳಲ್ಲಿ, ಶುಕ್ರವಾರದ ರಾತ್ರಿ, ಒಬ್ಬ ಹುಡುಗ ಗುಲಾಬಿ ಲೈಸೆನ್ಸ್ ಕೊಟ್ಟ. ದಿನಾಂಕ ಸರಿ, ಹೊಲೊಗ್ರಾಮ್ ಸರಿ, ಚಾಲಕ ಸಂಖ್ಯೆಯೂ ಸರಿ. ಕಾರ್ಡನ್ನು ಅಷ್ಟು ಚೆನ್ನಾಗಿ ಓದಿದ ನಾನು ಮುಖವನ್ನು ಅರೆಕ್ಷಣ ನೋಡಿ ಮಾರಿದೆ. ಎರಡು ವಾರದ ಮೇಲೆ ಅದೇ ಹೆಸರಿನ, ಅದೇ ಮೂಲೆ ಸವೆದ ಕಾರ್ಡ್ ಮತ್ತೆ ನನ್ನ ಕೈಗೆ ಬಂತು, ಈ ಬಾರಿ ಅದನ್ನು ಕೊಟ್ಟವನ ಮುಖ ನಿಜವಾಗಿಯೂ ಚಿತ್ರದಲ್ಲಿದ್ದ ಮುಖವೇ. ಮೊದಲು ಬಂದವನು ಬಹುಶಃ ತಮ್ಮನಿರಬೇಕು. ಅವನ ವಯಸ್ಸು ಎಷ್ಟಿತ್ತೋ ನನಗೆ ಇಂದಿಗೂ ತಿಳಿಯದು, ಆ ಬಾಟಲಿ ಯಾರ ಕೈ ಸೇರಿತೆಂಬುದೂ ತಿಳಿಯದು. ಅಂದು ರಾತ್ರಿ ಮ್ಯಾನೇಜರ್‌ಗೆ ಹೇಳಿ, ದಾಖಲೆ ಪುಸ್ತಕದಲ್ಲಿ ಬರೆದು, ಮನೆಗೆ ಹೋಗಿ ನಿದ್ದೆಯಿಲ್ಲದೆ ಕಳೆದೆ.

ಅಂದಿನಿಂದ ಕ್ರಮ ತಿರುಗಿತು: ಮೊದಲು ಚಿತ್ರ, ಆಮೇಲೆ ದಿನಾಂಕ. ಕಾರ್ಡನ್ನು ಮುಖದ ಎತ್ತರಕ್ಕೆ ಹಿಡಿದು ನೋಡುತ್ತಿದ್ದೆ. ಕೂದಲು, ಗಡ್ಡ, ಕನ್ನಡಕ, ಮೈದುಂಬುವಿಕೆ ಇವೆಲ್ಲ ಬದಲಾಗುವಂಥವು, ಅವನ್ನು ಬಿಡಬೇಕು. ಕಿವಿಯ ಆಕಾರ, ಕಣ್ಣುಗಳ ನಡುವಿನ ಅಂತರ, ಮೂಗಿನ ಬುಡ ಹೆಚ್ಚು ಬದಲಾಗುವುದಿಲ್ಲ. ಸಂಶಯ ಉಳಿದರೆ ಒಂದು ಪ್ರಶ್ನೆ ಕೇಳುತ್ತಿದ್ದೆ. 'ಇದು ನೀವೇ ತಾನೆ' ಎಂದಲ್ಲ, ಹೌದು ಎಂದು ಹೇಳಲು ಯಾರಿಗೂ ಕಷ್ಟವಿಲ್ಲ. ಅಂಚೆ ಸಂಖ್ಯೆ ಏನು, ಶಾಲೆಯ ಜಿಸಿಎಸ್‌ಇ ಪರೀಕ್ಷೆ ಬರೆದದ್ದು ಯಾವ ವರ್ಷ ಎಂದು ಕೇಳುತ್ತಿದ್ದೆ. ಅಲ್ಲಿನ ಮಕ್ಕಳು ಸಾಮಾನ್ಯವಾಗಿ 16ನೆಯ ವಯಸ್ಸಿನಲ್ಲಿ ಆ ಪರೀಕ್ಷೆ ಬರೆಯುವುದರಿಂದ, ಅಣ್ಣನ ಕಾರ್ಡ್ ತಂದವನು ಅಣ್ಣನ ಹುಟ್ಟಿದ ದಿನವನ್ನು ಬಾಯಿಪಾಠ ಮಾಡಿದ್ದರೂ ಇಲ್ಲಿ ತಡವರಿಸುತ್ತಾನೆ.

ಕಾರ್ಡ್ ಇಲ್ಲದವರ ಕೋಪಕ್ಕಿಂತ ನನಗೆ ಕಷ್ಟವಾಗಿದ್ದು ತಾಯಂದಿರ ಕೋಪ. ಹದಿನಾರರ ಮಗ ಬಿಯರ್ ಪ್ಯಾಕ್ ಆರಿಸಿ ತಂದು ಬೆಲ್ಟಿನ ಮೇಲಿಟ್ಟು, ತಾಯಿ ಹಣ ಕೊಡಲು ಮುಂದೆ ಬಂದರೆ ಏನು ಮಾಡುವುದು? ಅಪ್ರಾಪ್ತರ ಪರವಾಗಿ ಕೊಳ್ಳುವುದೂ ಅಲ್ಲಿ ಅಪರಾಧ. ಹಾಗೆಂದು ಮಗನನ್ನು ಕರೆದುಕೊಂಡು ವಾರದ ಸಾಮಾನಿಗೆ ಬಂದ ತಾಯಿ ತನಗಾಗಿ ವೈನ್ ಕೊಂಡರೆ ತಡೆಯುವುದು ಮೂರ್ಖತನ. ಆದ್ದರಿಂದ ಯಾರು ಆರಿಸಿದರು, ಯಾರ ಕೈಯಿಂದ ಹಣ ಹೋಗುತ್ತಿದೆ, ಇಬ್ಬರೂ ಏನು ಮಾತಾಡಿಕೊಂಡರು ಎಂಬುದನ್ನು ಗಮನಿಸುತ್ತಿದ್ದೆ. ಮನೆಯಲ್ಲಿ ತಾನೇ ಮಗನಿಗೆ ಕೊಡುವುದು ಅಪರಾಧವಲ್ಲ ಎಂದು ಒಬ್ಬ ತಾಯಿ ವಾದಿಸಿದರು. ಅವರ ಮಾತು ಅಷ್ಟರ ಮಟ್ಟಿಗೆ ನಿಜ. ಆದರೆ ನನ್ನ ಮುಂದೆ ನಡೆಯುತ್ತಿದ್ದದ್ದು ಮನೆಯ ಊಟವಲ್ಲ, ಮಾರಾಟ.

ನಮ್ಮವರ ವಿಷಯವನ್ನೂ ಹೇಳಬೇಕು. ಒಂದು ಸಂಜೆ ಸಾಲಿನಲ್ಲಿದ್ದ ಇಬ್ಬರು ಹುಡುಗರು ಕನ್ನಡದಲ್ಲಿ ಮಾತಾಡುವುದು ಕಿವಿಗೆ ಬಿದ್ದು, ತಿಂಗಳುಗಟ್ಟಲೆ ಕೇಳದಿದ್ದ ಆ ದನಿಗೆ ನಾನೇ ಮೊದಲು ನಕ್ಕು ಮಾತಾಡಿಸಿದೆ. ಬಿಯರ್‌ಗೆ ಕಾರ್ಡ್ ಕೇಳಿದಾಗ ಒಬ್ಬ ಕರ್ನಾಟಕದ ಡ್ರೈವಿಂಗ್ ಲೈಸೆನ್ಸ್ ಕೊಟ್ಟ. ಅದರ ಪ್ರಕಾರ 23, ಅದು ನಿಜವೆಂಬುದರಲ್ಲಿ ನನಗೆ ಸಂಶಯವೂ ಇರಲಿಲ್ಲ, ಆದರೆ ಅಂಗಡಿಯ ಪಟ್ಟಿಯಲ್ಲಿ ಅದು ಇರಲಿಲ್ಲ. 'ಅಕ್ಕಾ, ನೀವೇ ಓದಿ ನೋಡಿ, ನಿಮಗೆ ಗೊತ್ತಾಗತ್ತಲ್ಲ' ಎಂದ. 'ಗೊತ್ತಾಗತ್ತಪ್ಪ, ಆದ್ರೆ ಪಾಸ್‌ಪೋರ್ಟ್ ತಂದ್ರೇ ಕೊಡೋಕಾಗೋದು' ಎಂದೆ. ನನ್ನ ಭಾಷೆಯವರಿಗೆ ಒಂದು ನ್ಯಾಯ, ಪೋಲೆಂಡಿನಿಂದಲೋ ನೈಜೀರಿಯಾದಿಂದಲೋ ಬಂದವರಿಗೆ ಇನ್ನೊಂದು ನ್ಯಾಯ ಎಂದಾಗಬಾರದಲ್ಲ. ಬಿಯರಿಗಾಗಿ ಪಾಸ್‌ಪೋರ್ಟ್ ಹೊತ್ತು ತಿರುಗಬೇಡಿ, ಕಳೆದರೆ ದೊಡ್ಡ ಪೇಚು, ಕಲಿಯುವವರ ಹಸಿರು ಲೈಸೆನ್ಸ್‌ಗೆ ಆನ್‌ಲೈನಿನಲ್ಲಿ 34 ಪೌಂಡ್ ಕಟ್ಟಿ ಮಾಡಿಸಿಕೊಳ್ಳಿ ಎಂದು ತಿಳಿಸಿದೆ. ಅದೇ ಚಳಿಗಾಲ, 2023ರ ಜನವರಿಯಲ್ಲಿ, ಕರ್ನಾಟಕದಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮ ಬಂದು, ವಿರೋಧದ ನಂತರ ಕೈಬಿಟ್ಟ ಸುದ್ದಿಯನ್ನು ಓದಿದೆ. ಸಂಖ್ಯೆಯ ಚರ್ಚೆ ಬಹಳ ನಡೆಯಿತು. ಗಲ್ಲಾದ ಹಿಂದೆ ಕುಳಿತವರು ಅದನ್ನು ಹೇಗೆ ಪರಿಶೀಲಿಸುತ್ತಾರೆ ಎಂಬ ಮಾತು ನಾನು ಓದಿದ ಯಾವ ವರದಿಯಲ್ಲೂ ಕಾಣಲಿಲ್ಲ.

ಪ್ರತಿ ನಿರಾಕರಣೆಯನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದೆವು: ದಿನ, ಹೊತ್ತು, ಸಾಮಾನು, ಕಾರಣ, ಗಿರಾಕಿಯ ಚಹರೆ, ನಮ್ಮ ಸಹಿ. ಒಬ್ಬರಿಗೆ ಕೊಡದ್ದನ್ನು ಅವರು ಅರ್ಧ ಗಂಟೆ ಬಿಟ್ಟು ಬೇರೆ ಟಿಲ್‌ನಲ್ಲಿ ಕೇಳುವುದುಂಟು, ಆದ್ದರಿಂದ ಬರೆದದ್ದನ್ನು ಪಕ್ಕದವರಿಗೆ ಆಗಲೇ ಹೇಳುವುದೂ ಅಷ್ಟೇ ಮುಖ್ಯ. ಪೊಲೀಸರು ಮತ್ತು ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ನವರು (ಸ್ಥಳೀಯ ಆಡಳಿತದ ವ್ಯಾಪಾರ ತಪಾಸಣಾ ವಿಭಾಗದವರು) ಅಪ್ರಾಪ್ತರನ್ನು ಗಿರಾಕಿಗಳಂತೆ ಕಳಿಸಿ ಅಂಗಡಿಯನ್ನು ಪರೀಕ್ಷಿಸುವಾಗಲೂ ಆ ಪುಸ್ತಕವನ್ನು ನೋಡುತ್ತಾರೆ. ತಿಂಗಳಿಡೀ ಖಾಲಿ ಇರುವ ಪುಟ ಅಂಗಡಿಯ ಪರವಾಗಿ ಏನನ್ನೂ ಹೇಳುವುದಿಲ್ಲ.

2024ರ ಬೇಸಿಗೆಯಲ್ಲಿ, ಕೆಲಸ ಬಿಡುವ ಮೊದಲು, ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಕಲಿಸುವ ಹೊಣೆ ನನ್ನ ಮೇಲೆ ಬಿತ್ತು. ಅವಳನ್ನು ಮೊದಲ ಸಂಜೆ ಟಿಲ್ ಮುಟ್ಟಲು ಬಿಡದೆ ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ನಾನು ಕಾರ್ಡ್ ಕೇಳಿದ ಪ್ರತಿಯೊಬ್ಬರಿಗೂ ಅವಳು ತನಗೆ ತೋಚಿದ ವಯಸ್ಸನ್ನು ಒಂದು ಚೀಟಿಯಲ್ಲಿ ಬರೆಯಬೇಕು, ನಾನು ಕಾರ್ಡಿನಲ್ಲಿ ಕಂಡದ್ದನ್ನು ಆಮೇಲೆ ಅದರ ಮುಂದೆ ಬರೆಯುವೆ. ಪಾಳಿ ಮುಗಿಯುವ ಹೊತ್ತಿಗೆ ಹನ್ನೊಂದು ಮುಖಗಳಾಗಿದ್ದವು. ನಾಲ್ಕರಲ್ಲಿ ಮಾತ್ರ ಅವಳ ಅಂದಾಜು ಎರಡು ವರ್ಷದೊಳಗೆ ಬಂದಿತ್ತು, ಒಂದರಲ್ಲಿ ಅವಳು 24 ಎಂದು ಬರೆದಿದ್ದ ಹುಡುಗನಿಗೆ 18 ತುಂಬಿ ಒಂಬತ್ತು ದಿನವಾಗಿತ್ತು. ಅವಳು ಆ ಚೀಟಿಯನ್ನು ಮಡಚಿ ತನ್ನ ಸಮವಸ್ತ್ರದ ಜೇಬಿನಲ್ಲಿ ಇಟ್ಟುಕೊಂಡಳು.