ಅತಿಥಿಗೂ ಒಂದು ಕೆಲಸ: ಯುವ ವಿನಿಮಯ ನಡೆಸಿದ ನನ್ನ ಅನುಭವ

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸಣ್ಣ ರೋಟರಿ ಕ್ಲಬ್ಬಿನಲ್ಲಿ ಯುವ ಸೇವೆಯ ಹೊಣೆ ನನಗೆ ಬಂದದ್ದು, ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಲೆ. ಆಗ ಕ್ಲಬ್ಬಿನ ಎರಡು ಕೆಲಸಗಳು ಎರಡು ಬೇರೆ ಸಮಿತಿಗಳ ಕೈಯಲ್ಲಿದ್ದವು. ಸುತ್ತಲಿನ ಹಳ್ಳಿಗಳ ಶಾಲೆಗಳಲ್ಲಿ ಕುಡಿಯುವ ನೀರಿನ ಫ್ಲೋರೈಡ್ ಅಂಶವನ್ನು ಪರೀಕ್ಷಿಸುವುದು ಒಂದು. ಹೊರದೇಶದ ವಿದ್ಯಾರ್ಥಿಗಳನ್ನು ಬರಮಾಡಿಕೊಂಡು ನಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸುವ ಯುವ ವಿನಿಮಯ ಇನ್ನೊಂದು. ಎರಡನ್ನೂ ಒಟ್ಟಿಗೆ ಕೊಡುವುದಾದರೆ ಒಪ್ಪಿಕೊಳ್ಳುತ್ತೇನೆ ಎಂದು ಅಧ್ಯಕ್ಷರಿಗೆ ಹೇಳಿದೆ. ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ನಂದಿ ಬೆಟ್ಟ ತೋರಿಸಿ ಬೀಳ್ಕೊಡುವುದಕ್ಕಾಗಿ ಒಂದು ಮಗು ಅಷ್ಟು ದೂರದಿಂದ ಬರಬೇಕಾಗಿಲ್ಲ. ಊರಿನಲ್ಲಿ ಮೊದಲಿನಿಂದ ನಡೆದುಬಂದಿರುವ, ಆ ಮಗು ಬಂದರೂ ಬಾರದಿದ್ದರೂ ನಿಲ್ಲದ ಒಂದು ಕೆಲಸದಲ್ಲಿ ಅದಕ್ಕೆ ಪಾಲು ಸಿಗಬೇಕು ಎಂಬುದು ನನ್ನ ಎಣಿಕೆಯಾಗಿತ್ತು.

ಸಂಸ್ಥೆಯ ವಿಚಾರ ಅನೇಕರಿಗೆ ಗೊತ್ತಿರುವುದರಿಂದ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ರೋಟರಿ 1905ರಲ್ಲಿ ಷಿಕಾಗೋ ನಗರದಲ್ಲಿ ಆರಂಭವಾಯಿತು. ಹನ್ನೆರಡರಿಂದ ಹದಿನೆಂಟು ವರ್ಷದ ಮಕ್ಕಳಿಗಾಗಿರುವ ಇಂಟರ‍್ಯಾಕ್ಟ್ 1962ರಲ್ಲಿಯೂ ಅದಕ್ಕಿಂತ ದೊಡ್ಡವರಿಗಾಗಿರುವ ರೋಟರ‍್ಯಾಕ್ಟ್ 1968ರಲ್ಲಿಯೂ ಹುಟ್ಟಿದವು. ಯುವ ವಿನಿಮಯದಲ್ಲಿ ಒಂದು ಶೈಕ್ಷಣಿಕ ವರ್ಷದಷ್ಟು ದೀರ್ಘವಾದ ಕ್ರಮವೂ ಕೆಲವೇ ವಾರಗಳ ಅಲ್ಪಾವಧಿ ಕ್ರಮವೂ ಇವೆ. ಇದು ಸದಸ್ಯರ ಮಕ್ಕಳಿಗಷ್ಟೇ ಮೀಸಲು ಎಂಬ ತಪ್ಪು ತಿಳಿವಳಿಕೆ ನಮ್ಮ ಕಡೆ ಬಹಳ ಬಲವಾಗಿ ಬೇರೂರಿದೆ. ವಾಸ್ತವದಲ್ಲಿ ಯಾವ ಮನೆಯ ಮಗುವಾದರೂ ಅರ್ಜಿ ಹಾಕಬಹುದು. ಅತಿಥಿಯನ್ನು ಇಟ್ಟುಕೊಳ್ಳುವ ಮನೆಯವರೂ ಸದಸ್ಯರಾಗಿರಲೇಬೇಕೆಂಬ ನಿಯಮವಿಲ್ಲ. ಅವರಿಗೆ ಸಂಭಾವನೆಯೂ ಇರುವುದಿಲ್ಲ.

ನಾನು ಮೊದಲು ಎದುರಿಸಿದ್ದು ರಜೆಗಳ ಹೊಂದಾಣಿಕೆಯ ಪ್ರಶ್ನೆಯನ್ನು. ನಮ್ಮ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಜರ್ಮನಿಯಲ್ಲಿ ಬೇಸಿಗೆ ರಜೆ ಸುಮಾರು ಆರು ವಾರಗಳದು. ಅದೂ ರಾಜ್ಯದಿಂದ ರಾಜ್ಯಕ್ಕೆ ಹಿಂದುಮುಂದಾಗಿ, ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗಿನ ಅವಧಿಯಲ್ಲಿ ಬರುತ್ತದೆ. ಅಂದರೆ ಅಲ್ಲಿನ ಮಗು ಇಲ್ಲಿಗೆ ಬರುವಾಗ ನಮ್ಮ ಮಕ್ಕಳು ತರಗತಿಯಲ್ಲಿರುತ್ತಾರೆ. ನಮ್ಮ ಮಗು ಅಲ್ಲಿಗೆ ಹೋದಾಗ ಅಲ್ಲಿ ಪಾಠ ನಡೆದಿರುತ್ತದೆ. ಇದನ್ನು ತೊಡಕೆಂದು ಭಾವಿಸಿ ಎಷ್ಟೋ ಕ್ಲಬ್ಬುಗಳು ವಿನಿಮಯವನ್ನೇ ಕೈಬಿಡುತ್ತವೆ. ನನಗಂತೂ ಅದು ಅನುಕೂಲವಾಗಿಯೇ ಕಂಡಿತು. ರಜೆಯಲ್ಲಿ ಬಂದ ಅತಿಥಿಯನ್ನು ಊರೂರು ಸುತ್ತಿಸಬೇಕಾಗುತ್ತದೆ. ಶಾಲೆ ನಡೆಯುವಾಗ ಬಂದವರಿಗೆ ನಮ್ಮ ಮಕ್ಕಳ ದಿನಚರಿಯೇ ಸಿಗುತ್ತದೆ. ನೀರಿನ ಪರೀಕ್ಷೆ ಶಾಲೆಯ ಇಂಟರ‍್ಯಾಕ್ಟ್ ಮಕ್ಕಳ ಮೂಲಕವೇ ನಡೆಯುತ್ತಿದ್ದುದರಿಂದ ಜುಲೈ, ಆಗಸ್ಟ್ ತಿಂಗಳುಗಳು ಅದಕ್ಕೂ ಹೊಂದುತ್ತಿದ್ದವು.

ಮನೆಗಳನ್ನು ಗೊತ್ತುಮಾಡುವುದಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ಮನೆಯಲ್ಲಿರುವ ವಯಸ್ಕರೆಲ್ಲರ ಪೂರ್ವಾಪರ ವಿಚಾರಣೆ, ಎಲ್ಲರೊಂದಿಗೂ ಮುಖತಃ ಮಾತು, ಮಗು ಮಲಗುವ ಕೋಣೆ ಮತ್ತು ಸ್ನಾನದ ಮನೆಯ ಚಿಲಕದವರೆಗೆ ಪರಿಶೀಲನೆ, ಇವೆಲ್ಲ ಆಗಲೇಬೇಕು. ಮಗುವಿನ ಕಷ್ಟಸುಖ ಕೇಳುವ ಸಲಹೆಗಾರರು ಆ ಮನೆಯವರಾಗಿರಬಾರದು ಎಂಬ ನಿಯಮವನ್ನು ನಾನು ಅಕ್ಷರಶಃ ಪಾಲಿಸಿದೆ. ಬರುವವಳು ಹುಡುಗಿಯಾದ್ದರಿಂದ ಆ ಹೊಣೆಯನ್ನು ಕ್ಲಬ್ಬಿನ ಒಬ್ಬ ವೈದ್ಯೆಗೆ ವಹಿಸಿದೆ. ನಮ್ಮಲ್ಲಿ ‘ಗೊತ್ತಿರುವವರ ಮನೆ, ವಿಚಾರಿಸುವುದೇನಿದೆ’ ಎಂಬ ಸಂಕೋಚ ಬೇಗ ಅಡ್ಡ ಬರುತ್ತದೆ. ನಾನು ಮೊದಲು ನನ್ನ ಮನೆಯವರ ಹೆಸರನ್ನೇ ವಿಚಾರಣೆಯ ಪಟ್ಟಿಯಲ್ಲಿ ಬರೆದು ಪೊಲೀಸ್ ಠಾಣೆಗೆ ಕೊಟ್ಟಿದ್ದರಿಂದ ಉಳಿದವರು ಮುಖ ಸಿಂಡರಿಸಲಿಲ್ಲ. ವಿದೇಶಿಯರು ತಂಗಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮನೆಯ ಯಜಮಾನರು ವಿವರ ಸಲ್ಲಿಸಬೇಕು. ನಾವೆಲ್ಲ ಅದನ್ನು ಸಿ ಫಾರ್ಮ್ ಎಂದೇ ಕರೆಯುತ್ತಿದ್ದೆವು. ಹೋಟೆಲಿನವರಿಗೆ ಇದು ಅಭ್ಯಾಸ, ಮನೆಯವರಿಗೆ ಹೊಸದು. ಆನ್‌ಲೈನ್ ಖಾತೆಯನ್ನು ಮಗು ವಿಮಾನ ಹತ್ತುವ ಮೊದಲೇ ತೆರೆಸಿಟ್ಟಿದ್ದರೆ ಆ ದಿನದ ಪರದಾಟ ತಪ್ಪುತ್ತದೆ. ಮದ್ಯ, ಮಾದಕ ವಸ್ತು, ವಾಹನ ಚಾಲನೆ, ಪ್ರೇಮ ಪ್ರಸಂಗ ಇವು ನಾಲ್ಕೂ ನಿಷಿದ್ಧವೆಂಬುದು ವಿದ್ಯಾರ್ಥಿಗಳಿಗೆ ಮೊದಲೇ ತಿಳಿದಿರುತ್ತದೆ. ಅದನ್ನು ಮತ್ತೆ ಮತ್ತೆ ಉಪದೇಶಿಸುವ ಹಿರಿಯರನ್ನು ತಡೆಯುವುದೇ ನನಗೆ ಹೆಚ್ಚಿನ ಕೆಲಸವಾಯಿತು.

ಜರ್ಮನಿಯಿಂದ ಬಂದ ಆ ಹುಡುಗಿಗೆ ಶಿಡ್ಲಘಟ್ಟದ ಕಡೆಯ ಒಂದು ರೇಷ್ಮೆ ಬೆಳೆಗಾರರ ಮನೆಯನ್ನು ನಾನು ಆರಿಸಿದಾಗ ಕ್ಲಬ್ಬಿನಲ್ಲಿ ಆಕ್ಷೇಪವೆದ್ದಿತು. ಎ.ಸಿ. ಇರುವ ಮನೆಗಳು ಪೇಟೆಯಲ್ಲಿ ಇರುವಾಗ ಹಳ್ಳಿಯೇಕೆ ಎಂದರು. ಪೇಟೆಯ ಆ ಮನೆಗಳಲ್ಲಿ ಅತಿಥಿಗೆ ಮಾಡಲು ಏನೂ ಇರುವುದಿಲ್ಲ ಎಂಬುದೇ ನನ್ನ ಉತ್ತರವಾಗಿತ್ತು. ಹುಳು ಸಾಕುವ ಮನೆಯಲ್ಲಿ ಎಲ್ಲರಿಗೂ ಕೆಲಸವಿದೆ. ಹುಳು ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ, ಅಂದರೆ ತಿನ್ನುವುದನ್ನು ನಿಲ್ಲಿಸಿ ಪೊರೆ ಕಳಚುತ್ತದೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ತಿನ್ನುವುದೇ ಅದರ ಆಯುಸ್ಸಿನ ಒಟ್ಟು ಸೊಪ್ಪಿನ ಮುಕ್ಕಾಲಿಗಿಂತ ಹೆಚ್ಚು. ಆ ವಾರದಲ್ಲಿ ಮನೆಯವರು ರಾತ್ರಿ ಮಲಗುವ ಮುನ್ನವೂ ಒಮ್ಮೆ ಸೊಪ್ಪು ಹಾಕಿ ಬರಬೇಕು. ಹುಳು ಹಣ್ಣಾದಾಗ, ಅಂದರೆ ಗೂಡು ಕಟ್ಟಲು ಸಿದ್ಧವಾದಾಗ, ಒಂದೊಂದನ್ನೂ ಕೈಯಿಂದ ಆರಿಸಿ ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು. ಅಂದು ನೆಂಟರು, ಅಕ್ಕಪಕ್ಕದವರು ಯಾರಿದ್ದರೂ ಕೈ ಹಾಕುತ್ತಾರೆ.

ಆ ಮನೆಯ ಗೃಹಿಣಿಗೆ ನಾನು ಪಾಠ ಹೇಳಿದ ಮೇಷ್ಟ್ರು. ಮಗು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂದು ಅವರು ಕೇಳಲಿಲ್ಲ. ‘ಮೇಷ್ಟ್ರೇ, ಆ ಹುಡುಗಿ ಮೈಗೆ ಏನಾದ್ರೂ ಸೆಂಟು ಹಾಕ್ಕೊಳ್ತಾಳಾ? ಸೊಳ್ಳೆ ಬತ್ತಿ ಹಚ್ಚೋ ಹಾಗಿಲ್ಲ ಅಂತ ಮೊದಲೇ ಹೇಳ್ಬಿಡಿ. ಕಾಲು ತೊಳೆದು ಸುಣ್ಣ ತುಳಿದು ಹುಳದ ಮನೆ ಒಳಕ್ಕೆ ಬಂದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೊಳ್ತೀನಿ’ ಎಂದರು. ಹೊರದೇಶದಿಂದ ಬರುವವರ ಪೆಟ್ಟಿಗೆಯಲ್ಲಿ ಸೊಳ್ಳೆಗೆಂದು ಮೈಗೆ ಸಿಂಪಡಿಸಿಕೊಳ್ಳುವ ಡಬ್ಬಿ ಇದ್ದೇ ಇರುತ್ತದೆ. ಕೀಟವನ್ನು ಓಡಿಸುವ ಔಷಧ ರೇಷ್ಮೆ ಹುಳುವಿಗೂ ಕುತ್ತು. ಆದ್ದರಿಂದ ಸೊಳ್ಳೆ ಪರದೆಯೇ ಗತಿಯೆಂದು ಹುಡುಗಿಯ ತಂದೆತಾಯಿಗೆ ಪತ್ರ ಬರೆದು, ಕಾರಣವನ್ನೂ ವಿವರಿಸಿದೆ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಒಳಬಾರದಂತೆ ಹುಳದ ಮನೆಯ ಕಿಟಕಿಗೆ ಹಾಕುವ ಬಲೆಯ ಚಿತ್ರವನ್ನೂ ಕಳುಹಿಸಿದೆ. ಬಂದ ಕೆಲವೇ ದಿನಗಳಲ್ಲಿ ಅವಳು ಹುಳದ ಮನೆಯ ಬಾಗಿಲನ್ನು ತೆರೆದಿಟ್ಟವರನ್ನು, ಯಜಮಾನರನ್ನೂ ಬಿಡದೆ, ಗದರಿಸುವಷ್ಟರ ಮಟ್ಟಿಗೆ ಆ ಮನೆಯವಳಾಗಿದ್ದಳು. ಮನೆಯವರು ತಮ್ಮತಮ್ಮಲ್ಲಿ ತೆಲುಗು, ನೆರೆಯವರೊಡನೆ ಕನ್ನಡ, ಅವಳೊಡನೆ ಹರಕು ಇಂಗ್ಲಿಷ್ ಆಡುತ್ತಿದ್ದರು. ಇದಕ್ಕಾಗಿ ನಾನು ಏನೂ ಏರ್ಪಾಡು ಮಾಡಬೇಕಾಗಿ ಬರಲಿಲ್ಲ.

ವಾರದಲ್ಲಿ ಕೆಲವು ದಿನ ಅವಳು ಪ್ರೌಢಶಾಲೆಯ ಇಂಟರ‍್ಯಾಕ್ಟ್ ಮಕ್ಕಳೊಂದಿಗೆ ನೀರಿನ ಪರೀಕ್ಷೆಗೆ ಬರುತ್ತಿದ್ದಳು. ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಆಳಕ್ಕೆ ಹೋದವು. ಕಣಶಿಲೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿಗೆ ಕಲ್ಲಿನೊಳಗಿನ ಫ್ಲೋರೈಡ್ ಕರಗಿ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು. ಬೇರೆ ನೀರು ಇಲ್ಲದಿದ್ದರೆ ಒಂದೂವರೆಯವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದವರ ಹಲ್ಲಿನ ಮೇಲೆ ಕಂದು ಕಲೆ ನಿಲ್ಲುತ್ತದೆ. ಬಹಳ ವರ್ಷ ಕುಡಿದರೆ ಮೂಳೆ ಬಿಗಿಯುತ್ತದೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ತರಗತಿಯ ಗುಂಪು ಚಿತ್ರ ತೆಗೆಯುವಾಗ ತುಟಿ ಮುಚ್ಚಿಕೊಂಡೇ ನಿಲ್ಲುವ ಮಕ್ಕಳಿದ್ದರು.

ಪರೀಕ್ಷೆ ಕಷ್ಟದ್ದಲ್ಲ, ಆದರೆ ಶಿಸ್ತು ಬೇಡುತ್ತದೆ. ಪಂಪನ್ನು ಕೆಲವು ನಿಮಿಷ ಓಡಿಸಿ, ಕೊಳವೆಯಲ್ಲಿ ನಿಂತ ನೀರು ಹೋದ ಮೇಲೆ ಮಾದರಿ ಹಿಡಿಯಬೇಕು. ಸೀಸೆ ಗಾಜಿನದಾಗಿರಬಾರದು, ಪ್ಲಾಸ್ಟಿಕ್ಕಿನದಾಗಿರಬೇಕು. ಕಿಟ್ಟಿನಲ್ಲಿ ಬರುವ ಜಿರ್ಕೋನಿಯಂ ಮತ್ತು ಅಲಿಜರಿನ್ ದ್ರಾವಣವನ್ನು ಬೆರೆಸಿದಾಗ ಫ್ಲೋರೈಡ್ ಇಲ್ಲದ ನೀರು ಕೆಂಪು ಛಾಯೆಯಲ್ಲಿ ಉಳಿಯುತ್ತದೆ. ಫ್ಲೋರೈಡ್ ಹೆಚ್ಚಿದಷ್ಟೂ ಹಳದಿಗೆ ತಿರುಗುತ್ತದೆ. ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ಅಂದಾಜು ಬರೆದುಕೊಂಡು, ಸಂಶಯ ಬಂದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಬಣ್ಣ ನೋಡುವವರು ಇಬ್ಬರಿರಬೇಕು, ಒಬ್ಬರ ಅಂದಾಜು ಇನ್ನೊಬ್ಬರಿಗೆ ಕೇಳಬಾರದು ಎಂದು ನಾನು ಕಟ್ಟುಮಾಡಿದ್ದೆ. ಹೊರಗಿನಿಂದ ಬಂದ ಹುಡುಗಿಗೆ ಯಾವ ಕೊಳವೆಬಾವಿ ಯಾರ ಓಣಿಯದೆಂಬ ಮುಲಾಜಿಲ್ಲದ್ದರಿಂದ ಎರಡನೆಯವಳಾಗಿ ಅವಳೇ ಸರಿಯಾದವಳು. ವಹಿ ಬರೆಯುವ ಕೆಲಸವೂ ಅವಳದಾಯಿತು. ಊರಿನ ಹೆಸರು, ಬಾವಿಯ ಗುರುತು, ದಿನಾಂಕಗಳನ್ನು ನಮ್ಮ ಮಕ್ಕಳು ಅವಳಿಗೆ ಒಂದೊಂದಾಗಿ ಹೇಳಿ ಬರೆಸುವಾಗ ತಾವೂ ಅಚ್ಚುಕಟ್ಟು ಕಲಿತರು.

ಒಂದು ದಿನ ಅವಳು ಕೇಳಿದ ಪ್ರಶ್ನೆಯನ್ನು ನಾನು ಅನೇಕ ಕಡೆ ಹೇಳಿದ್ದೇನೆ. ಅವಳ ದೇಶದ ಅಂಗಡಿಗಳಲ್ಲಿ ಫ್ಲೋರೈಡ್ ಬೆರೆಸಿದ ಅಡುಗೆ ಉಪ್ಪು ಸಿಗುತ್ತದೆ, ಹಲ್ಲು ಗಟ್ಟಿಯಾಗಲೆಂದೇ ಜನ ಅದನ್ನು ಕೊಳ್ಳುತ್ತಾರೆ. ನಿಮ್ಮಲ್ಲಿ ಅದೇ ವಸ್ತು ಹಲ್ಲು ಕೆಡಿಸುವುದು ಹೇಗೆ ಎಂದಳು. ಉತ್ತರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ತನ್ನ ಟೂತ್‌ಪೇಸ್ಟಿನಲ್ಲಿಯೂ ಅದೇ ಇದೆಯಲ್ಲ ಎಂದು ಇನ್ನೊಂದು ಪ್ರಶ್ನೆ ಎತ್ತಿದ. ಪ್ರಮಾಣದ ಪಾಠವನ್ನು ನಾನು ನೌಕರಿಯ ಉದ್ದಕ್ಕೂ ಮಾಡಿದ್ದೇನೆ. ಮಕ್ಕಳು ತಾವಾಗಿಯೇ ಅದರ ಕುತ್ತಿಗೆ ಹಿಡಿದದ್ದನ್ನು ಆ ದಿನದಷ್ಟು ಸ್ಪಷ್ಟವಾಗಿ ಬೇರೆಂದೂ ಕಂಡಿಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ ಎಂಬ, ಹಳ್ಳಿಯವರು ಯಾವಾಗಲೂ ಕೇಳುವ ಪ್ರಶ್ನೆಯನ್ನೂ ಅವರೇ ಪರೀಕ್ಷಿಸಿ ನೋಡಿದರು. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ.

ಪರೀಕ್ಷೆ ಮಾಡಿ ಫಲಕ ಬರೆದು ಬಂದರೆ ಊರಿನವರಿಗೆ ಹೆದರಿಕೆಯಷ್ಟೇ ಉಳಿಯುತ್ತದೆಯಾದ್ದರಿಂದ ಶಾಲೆಯ ಛಾವಣಿಯ ಮಳೆನೀರನ್ನು ಬಿಸಿಯೂಟದ ಅಡುಗೆಗೆ ಹಿಡಿದಿಡುವ ತೊಟ್ಟಿಯ ಕೆಲಸವನ್ನೂ ಕ್ಲಬ್ಬು ಕೈಗೆತ್ತಿಕೊಂಡಿತ್ತು. ಲೆಕ್ಕ ಸರಳವಾದದ್ದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯೆಂದರೆ, ನೂರು ಚದರ ಮೀಟರಿನ ಛಾವಣಿಗೆ ಎಪ್ಪತ್ತು ಸಾವಿರ ಲೀಟರ್ ಬೀಳುತ್ತದೆ. ಸೋರಿಕೆ ಮತ್ತು ಮೊದಲ ಮಳೆಯ ಕೊಳೆನೀರನ್ನು ಕಳೆದರೂ ಅಡುಗೆಗೆ ಸಾಕಷ್ಟು ದೊರೆಯುತ್ತದೆ. ಇಟ್ಟಿಗೆ ಹೊರುವಾಗ ಅತಿಥಿಯ ಚಿತ್ರ ತೆಗೆಯಬೇಕೆಂದು ಬಂದ ಮಿತ್ರರೊಬ್ಬರಿಗೆ ಅವಳ ಕೈಗೆ ಇಟ್ಟಿಗೆ ಕೊಡಿಸಲು ನಾನು ಬಿಡಲಿಲ್ಲ. ಗಾರೆ ಕೆಲಸದವರ ಕೆಲಸವನ್ನು ಗಾರೆ ಕೆಲಸದವರೇ ಮಾಡಿದರು. ಮಕ್ಕಳು ಛಾವಣಿಯ ಅಳತೆ ಹಿಡಿದು ತೊಟ್ಟಿಯ ಗಾತ್ರವನ್ನು ಲೆಕ್ಕಹಾಕಿದರು.

ಇನ್ನು ನಮ್ಮ ಮಕ್ಕಳನ್ನು ಕಳುಹಿಸುವ ಮಾತು. ವರ್ಷದ ವಿನಿಮಯ ನಮ್ಮಲ್ಲಿ ಒಗ್ಗುವುದು ಕಷ್ಟ. ಹದಿನಾರು ಹದಿನೇಳರ ವಯಸ್ಸೆಂದರೆ ಪಿಯುಸಿ. ನೀಟ್, ಸಿಇಟಿ ಎಂದು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದಿರುವಾಗ ಒಂದು ವರ್ಷವನ್ನು ಬಿಟ್ಟುಕೊಡಿ ಎಂದು ಕೇಳುವ ಧೈರ್ಯ ನನಗಿಲ್ಲ, ಅದು ನ್ಯಾಯವೆಂದೂ ಅನಿಸುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯುಸಿ ತರಗತಿ ಆರಂಭವಾಗುವವರೆಗಿನ ಬಿಡುವೇ ಅಲ್ಪಾವಧಿ ವಿನಿಮಯಕ್ಕೆ ಸರಿಯಾದ ಕಾಲ. ಅದಕ್ಕೆ ಪಾಸ್‌ಪೋರ್ಟ್, ತಂದೆತಾಯಿ ಇಬ್ಬರ ಒಪ್ಪಿಗೆ ಪತ್ರ, ವೀಸಾ, ಪ್ರಯಾಣ ವಿಮೆಗಳ ಸಿದ್ಧತೆ ಹಿಂದಿನ ದಸರೆಯ ಹೊತ್ತಿಗೇ ಶುರುವಾಗಬೇಕು. ವಿಮಾನದ ಖರ್ಚು ಮನೆಯವರದೇ ಆದ್ದರಿಂದ ಎಷ್ಟೇ ಸಮಜಾಯಿಷಿ ಹೇಳಿದರೂ ಹೋಗುವವರು ಅನುಕೂಲಸ್ಥರ ಮಕ್ಕಳೇ. ನೀರು ಪರೀಕ್ಷಿಸಿದ ಸರ್ಕಾರಿ ಶಾಲೆಯ ಮಕ್ಕಳು ಬರುವವರನ್ನು ಸ್ವಾಗತಿಸುವುದಷ್ಟಕ್ಕೇ ಇರಬೇಕೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅದಕ್ಕಾಗಿ ರಾಜ್ಯದೊಳಗೇ ಒಂದು ವಿನಿಮಯವನ್ನು ಕುದುರಿಸಿದೆವು. ಕರಾವಳಿಯ ಒಂದು ಕ್ಲಬ್ಬಿನವರೊಂದಿಗೆ ಮಾತನಾಡಿ, ದಸರಾ ರಜೆಯಲ್ಲಿ ನಮ್ಮ ಇಂಟರ‍್ಯಾಕ್ಟ್ ಮಕ್ಕಳು ಅಲ್ಲಿನ ಮೀನುಗಾರರ ಮನೆಗಳಲ್ಲಿ, ಅಲ್ಲಿನವರು ಬೇಸಿಗೆ ರಜೆಯಲ್ಲಿ ನಮ್ಮ ಕಡೆಯ ರೈತರ ಮನೆಗಳಲ್ಲಿ ಇದ್ದುಬರುವಂತೆ ಗೊತ್ತುಮಾಡಿದೆವು. ಮನೆ ಆರಿಸುವ, ವಿಚಾರಣೆ ಮಾಡುವ, ಸಲಹೆಗಾರರನ್ನು ನೇಮಿಸುವ ನಿಯಮಗಳಲ್ಲಿ ಹೊರದೇಶದ ವಿನಿಮಯಕ್ಕಿಂತ ಎಳ್ಳಷ್ಟೂ ಸಡಿಲಿಸಲಿಲ್ಲ. ಖರ್ಚು ಸಾರಿಗೆ ಬಸ್ಸಿನದಷ್ಟೇ. ಕೆಲಸವೂ ಜೊತೆಗೆ ಹೋಯಿತು: ನಮ್ಮ ಮಕ್ಕಳು ಕಿಟ್ ಹಿಡಿದು ಹೋಗಿ ಅಲ್ಲಿನ ಬಾವಿಗಳ ನೀರನ್ನು ಪರೀಕ್ಷಿಸಿದರು. ದ್ರಾವಣ ಕೆಂಪಾಗಿಯೇ ಉಳಿದದ್ದನ್ನು ಕಂಡು ಕಿಟ್ ಕೆಟ್ಟಿದೆಯೆಂದು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಇಲ್ಲಿಗೆ ಬಂದ ಕರಾವಳಿಯ ಮಕ್ಕಳು ಇಪ್ಪತ್ತು ಲೀಟರ್ ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಸರದಿಯಲ್ಲಿ ನಿಲ್ಲುವುದನ್ನು ಕಲಿತರು. ಈಗ ಎರಡು ಕಡೆಯ ವಹಿಗಳೂ ಒಂದೇ ನಮೂನೆಯಲ್ಲಿವೆ. ಮುಂದಿನ ಸಾಲಿನ ಮನೆಗಳ ಪಟ್ಟಿಯನ್ನು ಶಾಲೆ ಆರಂಭವಾಗುವ ಮೊದಲೇ ಅಂತಿಮಗೊಳಿಸುವ ಕೆಲಸವನ್ನು, ಮೊದಲ ಸಲ ಅತಿಥಿಯನ್ನು ಇಟ್ಟುಕೊಂಡಿದ್ದ ಆ ರೇಷ್ಮೆ ಮನೆಯ ಗೃಹಿಣಿಗೇ ವಹಿಸಿದ್ದೇವೆ; ಅವರು ಕ್ಲಬ್ಬಿನ ಸದಸ್ಯರಲ್ಲ, ಆಗಬೇಕೆಂಬ ಒತ್ತಾಯವನ್ನೂ ನಾವು ಮಾಡಿಲ್ಲ.